ಕಂದು ಬ್ರೆಡ್ಡಿಗೆ ಆ ಬಣ್ಣ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಐದು ಜನ. ಮಾವನಿಗೆ 71 ವರ್ಷ, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಕಾಫಿಯಲ್ಲಿ ಎರಡು ಸ್ಲೈಸ್ ಬ್ರೆಡ್ ಅದ್ದಿಕೊಂಡು ತಿನ್ನದಿದ್ದರೆ ಅವರಿಗೆ ದಿನ ಶುರುವಾಗುವುದಿಲ್ಲ. ಬಿಳಿ ಬ್ರೆಡ್ ವಿಷ ಎಂದು ನಮ್ಮ ಯಜಮಾನರು ಈಗ ಬ್ರೌನ್ ಬ್ರೆಡ್ ತರುತ್ತಿದ್ದಾರೆ. ಎಂಟು ವರ್ಷದ ಮಗಳಿಗೆ ಮಿಲ್ಕ್ ಬ್ರೆಡ್ಡೇ ಆಗಬೇಕು. ನನಗೆ ನಮ್ಮೂರ ಬೇಕರಿಯ ಬ್ರೆಡ್ಡೇ ರುಚಿ, ಆದರೆ ಮಳೆಗಾಲದಲ್ಲಿ ಎರಡು ದಿನಕ್ಕೆ ಬೂಷ್ಟು ಬರುತ್ತದೆ. ಫ್ರಿಜ್‌ನಲ್ಲಿಟ್ಟರೆ ರಟ್ಟಿನ ಹಾಗಾಗುತ್ತದೆ. ಮೈದಾದಲ್ಲಿ ಅಲೋಕ್ಸಾನ್ ಇದೆ, ಅದರಿಂದಲೇ ಶುಗರ್ ಬರುತ್ತದೆ, ಮೈದಾ ಕರುಳಿಗೆ ಅಂಟಿಕೊಳ್ಳುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ದಿನಾ ಬರುತ್ತದೆ. ಬೆಂಗಳೂರಿನ ತಂಗಿ ಸೋರ್‌ಡೋ (ಹುಳಿ ಹಿಟ್ಟಿನ ಬ್ರೆಡ್) ತಿನ್ನಿ ಅನ್ನುತ್ತಾಳೆ. ಅತ್ತೆಯದು ಬೇರೆಯೇ ಅನುಮಾನ: ಯೀಸ್ಟ್ ಅಂದರೆ ಜೀವಿಯಲ್ಲವೇ, ಅದು ಹೇಗೆ ಸಸ್ಯಾಹಾರ? ಕೊನೆಗೆ ನಾನು ಯಾವ ಬ್ರೆಡ್ ತರಲಿ?

ಉತ್ತರ: ಐದು ಜನರ ಮನೆಯಲ್ಲಿ ಬ್ರೆಡ್ ಬಗ್ಗೆ ಐದು ಅಭಿಪ್ರಾಯ ಇರುವುದು ಮಾಮೂಲು. ನಿಮ್ಮ ಪತ್ರ ಓದಿದಾಗ ನನಗೆ ಕಂಡಿದ್ದು ಎರಡು ಚಿಂತೆ. ಮಾವನವರ ಶುಗರ್‌ಗೆ ಬ್ರೆಡ್ಡಿನ ಬಣ್ಣ ಎಷ್ಟು ಮುಖ್ಯ ಎನ್ನುವುದು ಒಂದು. ತಂದ ಬ್ರೆಡ್ ಕೆಡದ ಹಾಗೆ ತಿಂದು ಮುಗಿಸುವುದು ಹೇಗೆ ಎನ್ನುವುದು ಇನ್ನೊಂದು. ಉಳಿದದ್ದೆಲ್ಲ ವಾಟ್ಸ್‌ಆ್ಯಪ್ ತಂದಿಟ್ಟ ಗಾಬರಿ.

ನಾನು ಇಪ್ಪತ್ತೇಳು ವರ್ಷ ಬ್ರೆಡ್ ಕೆಲಸದಲ್ಲೇ ಇದ್ದೇನೆ. ಮೊದಲು ಕಾರ್ಖಾನೆಯಲ್ಲಿ, ಈಗ ಸಣ್ಣ ಬೇಕರಿಗಳಿಗೆ ಸಲಹೆ ಕೊಡುವ ಕೆಲಸ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ರಾತ್ರಿ ಪಾಳಿಯಲ್ಲಿ ಬಿಳಿ ಬ್ರೆಡ್ಡಿನ ಹಿಟ್ಟು ಕಲಸಿ ಮುಗಿದ ಮೇಲೆ ಅದೇ ಮಿಕ್ಸರ್‌ಗೆ ಮತ್ತೆ ಅದೇ ಮೈದಾ ಸುರಿಯುತ್ತಿದ್ದರು. ಎರಡು ಬೊಗಸೆ ಗೋಧಿ ಬೂಸಾ ಹಾಕಿ, ನೀಲಿ ಕ್ಯಾನ್‌ನಿಂದ ಒಂದು ಸೌಟು ಕಪ್ಪು ಪಾಕ ಹುಯ್ಯುತ್ತಿದ್ದರು. ಕಾಕಂಬಿಯಂಥ ಮಂದ, ಸುಟ್ಟ ಸಕ್ಕರೆಯ ವಾಸನೆ. ಮಿಕ್ಸರ್ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಹಿಟ್ಟು ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು. ಬೆಳಿಗ್ಗೆ ಅದು 'ಬ್ರೌನ್ ಬ್ರೆಡ್' ಎಂಬ ಕವರ್ ಹಾಕಿಕೊಂಡು, ನಾಲ್ಕು ರೂಪಾಯಿ ಹೆಚ್ಚು ಬೆಲೆಗೆ ವ್ಯಾನ್ ಹತ್ತುತ್ತಿತ್ತು. ಆ ಪಾಕದ ಹೆಸರು ಕ್ಯಾರಮೆಲ್. ಕವರ್ ಹಿಂಬದಿಯಲ್ಲಿ ಐಎನ್‌ಎಸ್ (ಆಹಾರಕ್ಕೆ ಬೆರೆಸುವ ವಸ್ತುಗಳಿಗೆ ಕೊಟ್ಟ ಸಂಖ್ಯೆ) 150ಎ ಎಂದೋ 150ಸಿ, 150ಡಿ ಎಂದೋ ಇರುತ್ತದೆ. ಅದು ವಿಷವಲ್ಲ, ಕಾನೂನು ಒಪ್ಪಿದ ಬಣ್ಣವೇ. ಮೈದಾ ಬ್ರೆಡ್ ತಿನ್ನುತ್ತಿದ್ದೇವೆ ಎಂದು ಗೊತ್ತಿಲ್ಲದೆ ತಿನ್ನುತ್ತೀರಲ್ಲ, ನನ್ನ ತಕರಾರು ಇರುವುದು ಅದಕ್ಕೆ.

ಹಾಗಾಗಿ ಯಜಮಾನರು ತಂದ ಪೊಟ್ಟಣವನ್ನು ತಿರುಗಿಸಿ ಹಿಂದೆ ಓದಿ. ಯಾವುದು ಹೆಚ್ಚು ತೂಕದಲ್ಲಿದೆಯೋ ಅದನ್ನೇ ಮೊದಲು ಬರೆಯಬೇಕೆನ್ನುವುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಅಂದರೆ ಪಟ್ಟಿಯ ಮೊದಲ ಪದವೇ ಆ ಬ್ರೆಡ್ಡಿನ ಜಾತಕ. ಇಲ್ಲಿ ಕನ್ನಡದವರು ಎಡವುವ ಒಂದು ಜಾಗ ಇದೆ. ನಮಗೆ ಗೋಧಿ ಹಿಟ್ಟು ಎಂದರೆ ಚಪಾತಿ ಹಿಟ್ಟು. ಆದರೆ ಪೊಟ್ಟಣದ ಮೇಲಿನ 'ರಿಫೈನ್ಡ್ ವೀಟ್ ಫ್ಲೋರ್' ಅಂದರೆ ಮೈದಾ. 'ವೀಟ್' ಎಂಬ ಪದ ಕಂಡ ಕೂಡಲೇ ಗೋಧಿ ಬ್ರೆಡ್ ಎಂದುಕೊಂಡು ತಂದವರು ಎಷ್ಟೋ ಜನ. ನಿಮಗೆ ಬೇಕಾದ್ದು 'ಹೋಲ್ ವೀಟ್ ಫ್ಲೋರ್' ಅಥವಾ 'ಆಟಾ', ಅದೂ ಮೊದಲ ಸ್ಥಾನದಲ್ಲಿ. ಹೆಸರಿನಲ್ಲೇ ಗೋಧಿ, ರಾಗಿ, ಓಟ್ಸ್ ಎಂದು ಹೇಳಿಕೊಂಡ ಮೇಲೆ ಅದು ಶೇಕಡಾ ಎಷ್ಟಿದೆ ಎಂಬುದನ್ನೂ ಬರೆಯಬೇಕು. ಅಲ್ಲಿ ಆಟಾ ಶೇ. 50ಕ್ಕಿಂತ ಮೇಲಿದ್ದರೆ ಹೆಚ್ಚಿನ ದುಡ್ಡು ಕೊಡಲು ಅರ್ಥವಿದೆ. ಶೇ. 15 ಎಂದಿದ್ದರೆ ಆ ದುಡ್ಡಿಗೆ ಅರ್ಧ ಡಜನ್ ಬಾಳೆಹಣ್ಣು ತನ್ನಿ.

ಕಣ್ಣಿಗೂ ಗೊತ್ತಾಗುತ್ತದೆ. ನಿಜವಾದ ಆಟಾ ಬ್ರೆಡ್ಡಿನ ಒಳಭಾಗ ಚಪಾತಿಯ ಹಾಗೆ ಮಂಕು ಬಣ್ಣ, ಅಲ್ಲಲ್ಲಿ ತವುಡಿನ ಚುಕ್ಕೆ. ಒಂದೇ ಸಮ ಚಾಕೊಲೇಟ್ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಅದು ಪಾಕದ ಬಣ್ಣ.

ಹಾಗಾದರೆ ಕಾರ್ಖಾನೆಯವರು ಪೂರ್ತಿ ಆಟಾದಲ್ಲೇ ಏಕೆ ಮಾಡುವುದಿಲ್ಲ? ಬರೀ ದುರಾಸೆಯಲ್ಲ, ಕಷ್ಟವೂ ಇದೆ. ಬ್ರೆಡ್ ಉಬ್ಬುವುದು ಗ್ಲುಟೆನ್ ಎಂಬ ಗೋಧಿ ಪ್ರೋಟೀನಿನ ಬಲೆಯಿಂದ. ಹುಳಿ ಬಂದಾಗ ಹುಟ್ಟುವ ಗಾಳಿಯನ್ನು ಆ ಬಲೆ ಬಲೂನಿನ ಹಾಗೆ ಹಿಡಿದಿಡುತ್ತದೆ. ತವುಡಿನ ಚೂರುಗಳು ಬಲೆಯನ್ನು ಅಲ್ಲಲ್ಲಿ ಹರಿಯುತ್ತವೆ. ಮೇಲಾಗಿ ನಮ್ಮ ಹಿಟ್ಟಿನ ಗಿರಣಿಯ ಕಲ್ಲು ಬಿಸಿಯಾಗಿ, ಒತ್ತಿ ಬೀಸುವುದರಿಂದ ಪಿಷ್ಟದ ಕಣಗಳು ಜಜ್ಜಿಹೋಗುತ್ತವೆ. ಚಪಾತಿಗೆ ಅದು ವರ. ಜಜ್ಜಿದ ಪಿಷ್ಟ ನೀರು ಹೆಚ್ಚು ಹಿಡಿಯುತ್ತದೆ, ಅದಕ್ಕೇ ಚಪಾತಿ ಸಂಜೆವರೆಗೂ ಮೆತ್ತಗಿರುತ್ತದೆ. ಬ್ರೆಡ್ಡಿಗೆ ಅದೇ ಶಾಪ. ಒಳಗೆ ಅಂಟಂಟು, ಮೇಲೆ ಇಟ್ಟಿಗೆ. ಯೂಟ್ಯೂಬ್ ನೋಡಿ ಮನೆಯ ಆಟಾದಲ್ಲಿ ಬ್ರೆಡ್ ಮಾಡಲು ಹೋಗಿ ಸೋತವರು ಕೈಗುಣವನ್ನು ಬೈದುಕೊಳ್ಳಬೇಕಿಲ್ಲ. ಒಳ್ಳೆಯ ಆಟಾ ಬ್ರೆಡ್ಡಿನ ಪಟ್ಟಿಯಲ್ಲಿ 'ಗ್ಲುಟೆನ್' ಎಂದು ಬೇರೆಯಾಗಿ ಬರೆದಿರುವುದೂ ಈ ಕಾರಣಕ್ಕೇ. ಗೋಧಿಯಿಂದಲೇ ತೆಗೆದ ಪ್ರೋಟೀನ್ ಅದು. ಗ್ಲುಟೆನ್ ಆಗದ ಸೀಲಿಯಾಕ್ ರೋಗ ಇರುವವರನ್ನು ಬಿಟ್ಟರೆ ಉಳಿದವರು ಹೆದರಬೇಕಿಲ್ಲ.

ಇನ್ನು ಮಾವನವರ ವಿಷಯ. ಬಹಳ ಜನ ಕೇಳಲು ಇಷ್ಟಪಡದ ಮಾತು ಇದು. ನಿಜವಾದ ಗೋಧಿ ಬ್ರೆಡ್ ತಂದರೂ ರಕ್ತದ ಸಕ್ಕರೆ ಏರುವ ವೇಗದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಗ್ಲೂಕೋಸಿಗೆ 100 ಅಂಕ ಕೊಟ್ಟು ಅಳೆಯುವ ಗ್ಲೈಸೆಮಿಕ್ ಇಂಡೆಕ್ಸ್‌ನಲ್ಲಿ, 2008ರ ಅಂತಾರಾಷ್ಟ್ರೀಯ ಪಟ್ಟಿಯ ಪ್ರಕಾರ ಬಿಳಿ ಬ್ರೆಡ್ಡಿಗೆ ಸರಾಸರಿ 75, ಇಡೀ ಗೋಧಿಯ ಬ್ರೆಡ್ಡಿಗೆ 74. ಅದೇ ಪಟ್ಟಿಯಲ್ಲಿ ಚಪಾತಿ 52ರ ಆಸುಪಾಸಿನಲ್ಲಿದೆ. ಹಿಟ್ಟು ಒಂದೇ, ಗೋಧಿ ಒಂದೇ, ಆದರೂ ಇಷ್ಟು ಅಂತರ. ಚಪಾತಿ ದಟ್ಟವಾಗಿರುತ್ತದೆ, ಅಗಿಯಬೇಕು. ಬ್ರೆಡ್ ಹತ್ತಿಯ ಹಾಗೆ. ಬಾಯಲ್ಲಿ ಇಡುತ್ತಿದ್ದಂತೆ ಕರಗಿ, ಒಳಗಿನ ಪಿಷ್ಟವೆಲ್ಲ ಜೀರ್ಣರಸಕ್ಕೆ ಒಟ್ಟಿಗೆ ಸಿಗುತ್ತದೆ. ಕಾಫಿಯಲ್ಲಿ ಅದ್ದಿದರಂತೂ ಅಗಿಯುವ ಕೆಲಸವೂ ಇಲ್ಲ.

ಹಾಗೆಂದು ಗೋಧಿ ಬ್ರೆಡ್ ದಂಡ ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ನಾರು ಬಿಳಿ ಬ್ರೆಡ್ಡಿನ ಎರಡು ಪಟ್ಟಿಗಿಂತ ಹೆಚ್ಚು. ಆ ವಯಸ್ಸಿನವರಿಗೆ ಮಲಬದ್ಧತೆಯ ಕಾಟ ಇದ್ದರೆ ಅದೊಂದೇ ಕಾರಣಕ್ಕೆ ಬದಲಾಯಿಸಬಹುದು. 'ಬ್ರೌನ್ ತಾನೇ, ಇನ್ನೆರಡು ತಿನ್ನಿ' ಎನ್ನುವುದು ಮಾತ್ರ ಅಪಾಯ. 25 ಗ್ರಾಂ ತೂಗುವ ಒಂದು ಸ್ಲೈಸ್‌ನಲ್ಲಿ ಹೆಚ್ಚು ಕಡಿಮೆ 12 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ, ಬಣ್ಣ ಯಾವುದೇ ಇರಲಿ. ಅವರ ಎರಡು ಸ್ಲೈಸ್ ಎರಡೇ ಆಗಿರಲಿ. ಮೊದಲು ಕಾಫಿಯ ಸಕ್ಕರೆ ತೆಗೆಯಿರಿ. ಬರೀ ಬ್ರೆಡ್ ಬದಲು ಒಂದು ಬೇಯಿಸಿದ ಮೊಟ್ಟೆ, ಅದು ಆಗದಿದ್ದರೆ ಒಂದು ಹಿಡಿ ಹೆಸರುಕಾಳಿನ ಉಸಲಿ ಅಥವಾ ನೆನೆಸಿದ ಕಡಲೆಬೀಜ ಜೊತೆಗಿರಲಿ. ಗ್ಲುಕೋಮೀಟರ್ ಇದ್ದರೆ ತಿನ್ನುವ ಮುಂಚೆ ಒಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ ನೋಡಿ. ನಾಲ್ಕು ದಿನ ಬಿಳಿ ಬ್ರೆಡ್, ನಾಲ್ಕು ದಿನ ಗೋಧಿ ಬ್ರೆಡ್ ಕೊಟ್ಟು ಅಂಕಿಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಯಜಮಾನರ ಜೊತೆ ವಾದ ಮಾಡುವುದಕ್ಕಿಂತ ಇದು ಸುಲಭ. ಆ ಕ್ಯಾಲೆಂಡರನ್ನೇ ಡಾಕ್ಟರಿಗೂ ತೋರಿಸಿ. ಮಾತ್ರೆಯ ಮೇಲಿರುವವರಿಗೆ ಬೆಳಗಿನ ತಿಂಡಿಯನ್ನು ಒಮ್ಮೆಲೇ ನಿಲ್ಲಿಸುವುದು ಬೇಡ, ಸಕ್ಕರೆ ಏಕಾಏಕಿ ಇಳಿದುಬಿಡಬಹುದು. ಬ್ರೆಡ್ ಬೇಡ ಎಂದು ರಸ್ಕಿಗೆ ಹೋಗುವವರೂ ಇದ್ದಾರೆ. ರಸ್ಕ್ ಎಂದರೆ ನೀರು ಒಣಗಿಸಿದ ಸಿಹಿ ಬ್ರೆಡ್. ಅದೇ ತೂಕಕ್ಕೆ ಪಿಷ್ಟ ಇನ್ನೂ ಹೆಚ್ಚು. ಮಾವನವರಿಗೆ ಬಿಪಿಯೂ ಇದ್ದರೆ ಇನ್ನೊಂದು ಲೆಕ್ಕ ನೆನಪಿಡಿ: ನಾಲ್ಕು ಸ್ಲೈಸ್ ಬ್ರೆಡ್ಡಿನಲ್ಲಿ ಸುಮಾರು ಒಂದು ಗ್ರಾಂ ಉಪ್ಪು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಟ್ಟು 5 ಗ್ರಾಂ ದಾಟಬೇಡಿ ಎನ್ನುತ್ತದೆ.

ವಾಟ್ಸ್‌ಆ್ಯಪ್ ಸುದ್ದಿಗೆ ಬರೋಣ. ಅಲೋಕ್ಸಾನ್ ಎನ್ನುವ ರಾಸಾಯನಿಕ ಇರುವುದು ನಿಜ. ಪ್ರಯೋಗಾಲಯದಲ್ಲಿ ಇಲಿಗಳಿಗೆ ಚುಚ್ಚಿ ಮಧುಮೇಹ ಬರಿಸಲು ಬಳಸುತ್ತಾರೆ, ಅದೂ ನಿಜ. ಆದರೆ ಮೈದಾ ಮಿಲ್ಲಿನಲ್ಲಿ ಅಲೋಕ್ಸಾನ್ ಸುರಿಯುತ್ತಾರೆ ಎನ್ನುವುದು ಕಟ್ಟುಕತೆ. ಮೈದಾ ಬೆಳ್ಳಗಿರುವುದು ತವುಡು ಮತ್ತು ಮೊಳಕೆ ಭಾಗ ತೆಗೆದಿರುವುದರಿಂದ. ಹೊಸ ಮೈದಾದಲ್ಲಿರುವ ನಸುಹಳದಿ ಕೂಡ ಕೆಲವು ವಾರ ಗಾಳಿಯಾಡಿದರೆ ತಾನಾಗಿಯೇ ಮಾಸುತ್ತದೆ. ಬೇಗ ಬಿಳಿಯಾಗಲೆಂದು ಬೇರೆ ಬ್ಲೀಚ್ ಬಳಸುವುದುಂಟು, ಅದು ಬೇರೆ ಮಾತು.

ಕರುಳಿಗೆ ಅಂಟುವ ಕತೆ ಹುಟ್ಟಿದ್ದು ಬಹುಶಃ ಸಿನಿಮಾ ಪೋಸ್ಟರಿನಿಂದ. ಮೈದಾ ಗಂಜಿ ಕಾಯಿಸಿ ಗೋಡೆಗೆ ಪೋಸ್ಟರ್ ಹಚ್ಚುವುದನ್ನು ನಾವೆಲ್ಲ ನೋಡಿದವರೇ. ಆದರೆ ಗೋಂದು ಸಿಗದಾಗ ಅನ್ನದ ಅಗುಳಿನಿಂದ ಲಕೋಟೆ ಅಂಟಿಸಿದವರೂ ನಾವೇ. ಹಾಗೆಂದು ಅನ್ನ ಕರುಳಿಗೆ ಅಂಟಿತೇ? ಪಿಷ್ಟ ಯಾವುದೇ ಇರಲಿ, ಬಾಯಿಯ ಜೊಲ್ಲಿನಿಂದಲೇ ಅದು ಒಡೆಯಲು ಶುರುವಾಗುತ್ತದೆ. ಮೈದಾದ ನಿಜವಾದ ದೋಷ ನಾರಿಲ್ಲದಿರುವುದು. ಅದನ್ನೇ ಮೂರು ಹೊತ್ತು ತಿಂದರೆ ಹೊಟ್ಟೆ ಕಟ್ಟುತ್ತದೆ. 'ಅಂಟಿಕೊಂಡಿದೆ' ಎಂದು ಜನರಿಗೆ ಅನಿಸುವುದು ಅದೇ.

ಹೆದರಬೇಕಾದ ಸುದ್ದಿಯೊಂದು ನಿಜವಾಗಿಯೂ ಇತ್ತು. 2016ರ ಮೇ ತಿಂಗಳಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ ಬ್ರೆಡ್, ಪಾವ್, ಬನ್ನುಗಳ 38 ಮಾದರಿಗಳನ್ನು ಪರೀಕ್ಷಿಸಿತು. ಶೇ. 84ರಲ್ಲಿ ಪೊಟ್ಯಾಶಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಸಿಕ್ಕಿತು. ಬ್ರೋಮೇಟ್ ಹಿಟ್ಟಿಗೆ ಬಲ ಕೊಡುವ ಪುಡಿ. ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ಮುಂದಿನ ತಿಂಗಳೇ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಷೇಧಿಸಿತು. ಅದರ ಜಾಗದಲ್ಲಿ ಈಗ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಮತ್ತು ಕಿಣ್ವಗಳು ಬಂದಿವೆ. ಪಟ್ಟಿಯಲ್ಲಿ 924 ಎಂಬ ಸಂಖ್ಯೆ ಕಂಡರೆ ಆ ಬ್ರೆಡ್ ಮುಟ್ಟಬೇಡಿ. ಪಟ್ಟಿಯೇ ಇಲ್ಲದ ಬ್ರೆಡ್ಡಿಗೆ ಬೇಕರಿಯವರನ್ನು ಕೇಳುವುದೊಂದೇ ದಾರಿ. ಹಿಟ್ಟಿಗೆ ಬಲ ಕೊಡಲು ಹಾಕುವ ಇಂಥ ಪುಡಿಗೆ ಬೇಕರಿಯಲ್ಲಿ ಇಂಪ್ರೂವರ್ ಎನ್ನುತ್ತಾರೆ. 'ಇಂಪ್ರೂವರ್ ಯಾವುದು ಹಾಕ್ತೀರಿ, ಡಬ್ಬ ತೋರಿಸಿ' ಎಂದು ಕೇಳಿ. ಬೇಜಾರಿಲ್ಲದೆ ತೋರಿಸುವವರ ಹತ್ತಿರ ತೆಗೆದುಕೊಳ್ಳಿ.

ಬೂಷ್ಟಿನ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಯಾಕೆಂದರೆ ವರ್ಷದಲ್ಲಿ ನಾಲ್ಕು ತಿಂಗಳು ನನ್ನ ಹೊಟ್ಟೆಪಾಡು ಅದೇ. ಒಲೆಯಿಂದ ಇಳಿಯುವಾಗ ಬ್ರೆಡ್ಡಿನ ನಡುಭಾಗ 95 ಡಿಗ್ರಿ ದಾಟಿರುತ್ತದೆ, ಬೂಷ್ಟಿನ ಬೀಜ ಒಂದೂ ಉಳಿದಿರುವುದಿಲ್ಲ. ಅದು ಬಂದು ಕೂರುವುದು ಆಮೇಲೆ: ಗಾಳಿಯಿಂದ, ಕೈಯಿಂದ, ಮುಖ್ಯವಾಗಿ ಸ್ಲೈಸ್ ಮಾಡುವ ಯಂತ್ರದ ಬ್ಲೇಡಿನಿಂದ. ನಿನ್ನೆಯ ಪುಡಿ ಬ್ಲೇಡಿಗೆ ಮೆತ್ತಿಕೊಂಡಿದ್ದರೆ ಇವತ್ತಿನ ಪ್ರತಿ ಸ್ಲೈಸಿಗೂ ಒಂದಿಷ್ಟು ಹಂಚಿಕೆ. ಬ್ರೆಡ್ ಪೂರ್ತಿ ಆರಲು ಎರಡು ಗಂಟೆ ಹತ್ತಿರ ಬೇಕು. ಸಂಜೆ ಗಿರಾಕಿ ಸಾಲುಗಟ್ಟಿದಾಗ ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಬಿಸಿಯಾಗಿರುವಾಗಲೇ ಕವರಿಗೆ ತುಂಬುತ್ತಾರೆ, ಆವಿ ಒಳಗೇ ನೀರಾಗುತ್ತದೆ. ಮುಂದಿನ ಸಲ ಬೇಕರಿಯಲ್ಲಿ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿ. ಕವರ್ ಒಳಗೆ ಮಂಜು ಕವಿದಿದ್ದರೆ, ಮೂಲೆಯಲ್ಲಿ ಹನಿ ಇದ್ದರೆ, ಅದು ಎಷ್ಟೇ ಬಿಸಿ ಬಿಸಿ ಇರಲಿ, ಮಳೆಗಾಲದಲ್ಲಿ ಎರಡನೇ ದಿನಕ್ಕೆ ಹಸಿರಾಗುವ ಬ್ರೆಡ್. ಸ್ಲೈಸ್ ಮಾಡದ ಇಡೀ ಬ್ರೆಡ್ ಕೇಳಿ, ಪೇಪರಿನಲ್ಲಿ ಸುತ್ತಿಸಿಕೊಂಡು ಬಂದು ಮನೆಯಲ್ಲಿ ಆರಿದ ಮೇಲೆ ಕತ್ತರಿಸಿ. ಇದೊಂದರಿಂದಲೇ ಒಂದು ದಿನ ಹೆಚ್ಚು ಸಿಗುತ್ತದೆ.

ಕಾರ್ಖಾನೆ ಬ್ರೆಡ್ ಬೇಗ ಬೂಷ್ಟು ಹಿಡಿಯದಿರಲು ಕ್ಯಾಲ್ಸಿಯಂ ಪ್ರೊಪಿಯೊನೇಟ್, ಅಂದರೆ ಪಟ್ಟಿಯಲ್ಲಿ 282 ಎಂದು ಬರುವ ವಸ್ತು ಕಾರಣ. ಕೇಜಿ ಹಿಟ್ಟಿಗೆ ಕೆಲವೇ ಗ್ರಾಂ ಹಾಕುತ್ತಾರೆ. ಅದರಲ್ಲಿರುವ ಪ್ರೊಪಿಯೋನಿಕ್ ಆಮ್ಲ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳಿಂದಲೂ ಹುಟ್ಟುತ್ತದೆ, ನನಗೆ ಅದರ ಭಯವಿಲ್ಲ. ಬೂಷ್ಟು ಬಂದ ಸ್ಲೈಸ್ ಎಸೆದು ಉಳಿದದ್ದನ್ನು ಟೋಸ್ಟ್ ಮಾಡುವ ಉಳಿತಾಯ ಮಾತ್ರ ಬೇಡ. ಹಸಿರು ಚುಕ್ಕೆ ಕಣ್ಣಿಗೆ ಕಾಣುವ ಹೊತ್ತಿಗೆ ಅದರ ಎಳೆಗಳು ಮೆತ್ತನೆಯ ಬ್ರೆಡ್ಡಿನೊಳಗೆ ದೂರ ಹೋಗಿರುತ್ತವೆ. ಪೊಟ್ಟಣವೇ ಹೋಗಲಿ. (ರಾಯಚೂರು, ಕಲಬುರಗಿ ಕಡೆಯ ಓದುಗರಿಗೆ ಬೇಸಿಗೆಯಲ್ಲಿ ಬೇರೆ ಕಾಟ ಇದೆ: ಮುರಿದರೆ ಒಳಗೆ ನೂಲಿನಂಥ ಅಂಟು, ಕೊಳೆತ ಅನಾನಸಿನ ವಾಸನೆ. ಅದು ಒಲೆಯ ಬಿಸಿಗೂ ಸಾಯದ ಬ್ಯಾಕ್ಟೀರಿಯಾ ಕೆಲಸ. ಅದನ್ನೂ ಎಸೆಯಿರಿ.)

ಫ್ರಿಜ್‌ನಲ್ಲಿಟ್ಟರೆ ರಟ್ಟಾಗುವುದು ಒಣಗಿದ್ದರಿಂದಲ್ಲ. ಬೆಂದ ಪಿಷ್ಟ ತಣ್ಣಗಾದಾಗ ಮತ್ತೆ ಗಟ್ಟಿಕಟ್ಟುತ್ತದೆ, ರಾತ್ರಿ ಅನ್ನ ಫ್ರಿಜ್‌ನಲ್ಲಿ ಬೆಳಿಗ್ಗೆಗೆ ಬಿಡಿಬಿಡಿಯಾಗಿ ಗಟ್ಟಿಯಾಗುವ ಹಾಗೆ. ಈ ಕೆಲಸ ಅತಿ ಬೇಗ ನಡೆಯುವುದು ಫ್ರಿಜ್‌ನ ನಾಲ್ಕೈದು ಡಿಗ್ರಿಯಲ್ಲೇ. ಕಾವಲಿಯ ಮೇಲೆ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ, ಆದರೆ ಆಗಲೇ ತಿಂದುಬಿಡಬೇಕು. ಫ್ರೀಜರ್‌ನಲ್ಲಿಟ್ಟರೆ ಈ ಗಟ್ಟಿಕಟ್ಟುವಿಕೆ ನಿಲ್ಲುತ್ತದೆ. ತಂದ ದಿನವೇ ಅರ್ಧ ಪೊಟ್ಟಣವನ್ನು ಗಾಳಿಯಾಡದ ಚೀಲದಲ್ಲಿ ಫ್ರೀಜರ್‌ಗೆ ಹಾಕಿ, ಬೇಕಾದಷ್ಟು ಸ್ಲೈಸ್ ತೆಗೆದು ನೇರ ಕಾವಲಿಗೆ ಹಾಕಿ. ಆದರೆ ನಿಮ್ಮ ಕಡೆ ಆಷಾಢದಲ್ಲಿ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ ಎಂಬುದನ್ನು ನಾನು ಬಲ್ಲೆ. ಆಗ ಚಿಕ್ಕ ಪೊಟ್ಟಣ ತಂದು ಎರಡು ದಿನದಲ್ಲಿ ಮುಗಿಸುವುದೇ ಸರಿ.

ತಂಗಿಯ ಸೋರ್‌ಡೋ ಒಳ್ಳೆಯ ಬ್ರೆಡ್ಡೇ. ದೋಸೆ ಹಿಟ್ಟು ರಾತ್ರಿಯಿಡೀ ಹುಳಿ ಬರುತ್ತದಲ್ಲ, ಅದೇ ಕತೆ. ಹುಳಿಯಿಂದಾಗಿ ಪಿಷ್ಟ ಸ್ವಲ್ಪ ನಿಧಾನವಾಗಿ ಜೀರ್ಣವಾಗುತ್ತದೆ, ಬೂಷ್ಟೂ ತಡವಾಗಿ ಬರುತ್ತದೆ. ಆದರೆ ಹೆಚ್ಚಿನವು ಮೈದಾದ್ದೇ, ಬೆಲೆ ಮೂರು-ನಾಲ್ಕು ಪಟ್ಟು. ಯೀಸ್ಟಿಗೆ ಸ್ವಲ್ಪ ವಿನಿಗರ್ ಬೆರೆಸಿ ಆ ಹೆಸರಿಟ್ಟು ಮಾರುವವರೂ ಇದ್ದಾರೆ. ದಿನಾ ದೋಸೆ ಹುಯ್ಯುವ ಮನೆಗೆ ಅದನ್ನು ಬೆಂಗಳೂರಿನಿಂದ ತರಿಸುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ರಾಗಿ ಬ್ರೆಡ್, ಮಲ್ಟಿಗ್ರೇನ್ ಬ್ರೆಡ್‌ಗಳಿಗೂ ಅದೇ ಕವರ್ ತಿರುಗಿಸುವ ಪರೀಕ್ಷೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಬರೀ ರಾಗಿಯಿಂದ ಬ್ರೆಡ್ ಉಬ್ಬುವುದಿಲ್ಲ. ಅಲ್ಲಿ ಉಬ್ಬಿಸುತ್ತಿರುವುದು ಮೈದಾವೇ. ರಾಗಿ ಬೇಕಿದ್ದರೆ ಮುದ್ದೆ ಇದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಾವನವರಿಗೂ ಯಜಮಾನರಿಗೂ ಸೇರಿ ಆಟಾ ಮೊದಲ ಸ್ಥಾನದಲ್ಲಿರುವ ಒಂದು ಪೊಟ್ಟಣ ತರುತ್ತಿದ್ದೆ. 400 ಗ್ರಾಂನದ್ದರಲ್ಲಿ ಹದಿನಾರು ಸ್ಲೈಸ್ ಆದರೂ ಇರುತ್ತವೆ, ಅರ್ಧ ಫ್ರೀಜರ್‌ಗೆ. ನಿಮಗೆ ಮತ್ತು ಮಗಳಿಗೆ ಊರ ಬೇಕರಿಯ ಬಿಳಿ ಬ್ರೆಡ್, ವಾರಕ್ಕೆರಡು ಸಲ, ಅಂದಂದು ಸುಟ್ಟದ್ದು. ನಿಮ್ಮ ನಾಲಿಗೆ ತಪ್ಪು ಹೇಳುತ್ತಿಲ್ಲ. ಒಳ್ಳೆಯ ಸಣ್ಣ ಬೇಕರಿಯಲ್ಲಿ ಹಿಟ್ಟಿಗೆ ನಾಲ್ಕೈದು ಗಂಟೆ ಹುಳಿ ಬರಲು ಬಿಡುತ್ತಾರೆ. ಕಾರ್ಖಾನೆಯಲ್ಲಿ ಅಷ್ಟು ಹೊತ್ತು ಕಾಯುವುದಿಲ್ಲ, ಯಂತ್ರದ ರಭಸದಲ್ಲಿ ಮುಗಿಸುತ್ತಾರೆ. ಘಮ ಹುಟ್ಟುವುದು ಆ ಕಾಯುವಿಕೆಯಲ್ಲೇ. ಮಗಳ ಮಿಲ್ಕ್ ಬ್ರೆಡ್ಡಿನಲ್ಲಿ ಹಾಲಿಗಿಂತ ಸಕ್ಕರೆಯೇ ಮುಂದಿರುವುದುಂಟು. ಅದನ್ನು ದಿನದ ತಿಂಡಿಯಾಗಿ ಅಲ್ಲ, ಭಾನುವಾರದ ಸಿಹಿಯಾಗಿ ಕೊಡಿ. ಉಳಿದ ದಿನ ಬಿಳಿ ಬ್ರೆಡ್ಡಿಗೆ ಮನೆಯ ಬೆಣ್ಣೆ ಸವರಿ, ಪಕ್ಕದಲ್ಲಿ ಒಂದು ಲೋಟ ಹಾಲು.

ಅತ್ತೆಯವರ ಪ್ರಶ್ನೆ ಉಳಿಯಿತು. ಯೀಸ್ಟ್ ಜೀವಿಯೇ, ಆದರೆ ಪ್ರಾಣಿಯಲ್ಲ, ಅಣಬೆಯ ವಂಶದ್ದು. ಅವರ ಇಡ್ಲಿ ಹಿಟ್ಟಿನಲ್ಲಿ, ಮೊಸರಿನಲ್ಲಿ ಇರುವ ಜೀವಿಗಳ ಲೆಕ್ಕ ಇದಕ್ಕಿಂತ ಕಡಿಮೆಯಿಲ್ಲ. ಬ್ರೆಡ್ಡಿನಲ್ಲಾದರೋ ಒಲೆ ಸೇರಿ ಅರವತ್ತು ಡಿಗ್ರಿ ದಾಟುವಷ್ಟರಲ್ಲಿ ಅದು ಸತ್ತಿರುತ್ತದೆ. ವ್ರತದ ದಿನ ಅಣಬೆಯನ್ನೂ ಮುಟ್ಟದವರಾದರೆ ಬ್ರೆಡ್ಡನ್ನೂ ಬಿಡಲಿ, ಅದು ಅವರಿಗೆ ಬಿಟ್ಟದ್ದು. ಅವರು ವಿಚಾರಿಸಬೇಕಾದ್ದು ಬನ್ನಿನ ಬಗ್ಗೆ. ಮೇಲೆ ಮಿರಮಿರ ಹೊಳೆಯುವ ಬನ್ನಿಗೆ ಕೆಲವು ಬೇಕರಿಗಳಲ್ಲಿ ಮೊಟ್ಟೆ ಸವರಿರುತ್ತಾರೆ, ಕೆಲವು ಕಡೆ ಹಾಲು. ಅಯ್ಯಂಗಾರ್ ಬೇಕರಿ ಎಂಬ ಬೋರ್ಡ್ ಇದ್ದ ಮಾತ್ರಕ್ಕೆ ಮೊಟ್ಟೆ ಇಲ್ಲ ಎಂದುಕೊಳ್ಳುವ ಕಾಲ ಹೋಯಿತು. ಕೇಳಿಯೇ ತೆಗೆದುಕೊಳ್ಳಿ.